ಕ್ರೂಸ್ ಹಡಗಿನಲ್ಲಿ ಯಾವ ನಿಯಮ ಗಟ್ಟಿ, ಯಾವುದು ಬರೀ ಬೋರ್ಡು?

ಕ್ರೂಸ್ ಹಡಗಿನಲ್ಲಿ ಒಬ್ಬರು ತಮ್ಮ ಬಾಲ್ಕನಿಯಲ್ಲಿ ನಿಂತು ಸಿಗರೇಟು ಹಚ್ಚುತ್ತಾರೆ. ಇನ್ನೊಬ್ಬರು ಬೆಳಗ್ಗೆ ಆರಕ್ಕೇ ಈಜುಕೊಳದ ಪಕ್ಕದ ನಾಲ್ಕು ಒರಗು ಕುರ್ಚಿಗಳ ಮೇಲೆ ಟವೆಲ್, ಚಪ್ಪಲಿ, ಒಂದು ಪುಸ್ತಕ ಇಟ್ಟು ಹೋಗಿ ಹನ್ನೊಂದಕ್ಕೆ ವಾಪಸು ಬರುತ್ತಾರೆ. ನಿಯಮದ ಪ್ರಕಾರ ಎರಡೂ ತಪ್ಪು. ಆದರೆ ಮೊದಲನೆಯವರ ಖಾತೆಗೆ ನೂರಾರು ಡಾಲರ್ ದಂಡ ಬೀಳುತ್ತದೆ, ಮತ್ತೆ ಮಾಡಿದರೆ ಮುಂದಿನ ಬಂದರಿನಲ್ಲಿ ಇಳಿಸಿಯೂ ಬಿಡಬಹುದು. ಎರಡನೆಯವರಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ಆರಾಮವಾಗಿ ಮಲಗಿ ಬಿಸಿಲು ಕಾಯಿಸುತ್ತಾರೆ.

ಹೊಸಬರಿಗೆ ಇದು ಗೊಂದಲ ಹುಟ್ಟಿಸುತ್ತದೆ. ಲೆಕ್ಕ ಮಾತ್ರ ಸರಳ. ನಿಯಮ ಮುರಿದಾಗ ನಷ್ಟ ಯಾರ ತಲೆಗೆ ಬರುತ್ತದೆ ಎಂದು ನೋಡಬೇಕು. ಹಡಗಿಗೆ, ಕಂಪನಿಗೆ, ಅದರ ಪರವಾನಗಿಗೆ ಧಕ್ಕೆ ಬರುವಂತಿದ್ದರೆ ಸಿಬ್ಬಂದಿ ಮುಖ ನೋಡದೆ ಕ್ರಮ ತೆಗೆದುಕೊಳ್ಳುತ್ತಾರೆ. ಪಕ್ಕದ ಪ್ರಯಾಣಿಕನಿಗೆ ಮಾತ್ರ ತೊಂದರೆಯಾಗುವಂತಿದ್ದರೆ ಒಂದು ಬೋರ್ಡು ಹಾಕಿ ಸುಮ್ಮನಾಗುತ್ತಾರೆ. ಈ ಎರಡರ ನಡುವೆ ಇನ್ನೊಂದು ಜಾತಿಯ ನಿಯಮಗಳಿವೆ. ಅವನ್ನು ಜಾರಿ ಮಾಡಬೇಕೆಂಬ ಆಸೆ ಕಂಪನಿಗಿದೆ, ಆದರೆ ಕಾವಲು ಕಾಯುವುದು ಅಸಾಧ್ಯ. ಹಡಗಿನಲ್ಲಿ ಹೆಚ್ಚು ಜನರ ರಜೆ ಹಾಳಾಗುವುದು ಈ ಮೂರನೆಯ ಜಾತಿಯಿಂದ.

ರಾಜಿಯೇ ಇಲ್ಲದವು

ಮೊದಲ ದಿನದ ಮಸ್ಟರ್ ಡ್ರಿಲ್‌ನಿಂದ ಶುರು ಮಾಡೋಣ. ಅಪಾಯ ಬಂದರೆ ಎಲ್ಲಿ ಸೇರಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂದು ತೋರಿಸುವ ಅಭ್ಯಾಸ ಇದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಗುಲಿ ವಾಲಿ ಬಿತ್ತು. 32 ಜನ ಸತ್ತರು. ಅದೇ ದಿನ ಹಡಗು ಹತ್ತಿದ್ದ ಸುಮಾರು 700 ಪ್ರಯಾಣಿಕರಿಗೆ ಡ್ರಿಲ್ ಆಗಿರಲೇ ಇಲ್ಲ. ಅದು ನಿಯಮಬಾಹಿರವೂ ಆಗಿರಲಿಲ್ಲ, ಏಕೆಂದರೆ ಆಗ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಆಮೇಲೆ ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಅನ್ನು ತಿದ್ದಿದರು. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ತಪ್ಪಿಸಿಕೊಂಡವರ ಹೆಸರು ಕರೆಯುತ್ತಾರೆ, ಕ್ಯಾಬಿನ್ ಬಾಗಿಲು ತಟ್ಟುತ್ತಾರೆ. ಹಟ ಹಿಡಿದು ಕೂತವರನ್ನು ಇಳಿಸುವ ಅಧಿಕಾರವೂ ಕ್ಯಾಪ್ಟನ್ನನಿಗಿದೆ.

2020ರಿಂದೀಚೆಗೆ ಅನೇಕ ಹಡಗುಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಸಾಲು ನಿಲ್ಲಿಸುವುದು ನಿಂತಿದೆ. ಫೋನಿನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ವಿಡಿಯೋ ನೋಡಿ, ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಹಡಗಿನವರು ಕೊಟ್ಟ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಅನುಕೂಲವೇನೋ ಹೌದು. ಆದರೆ ವಿಡಿಯೋ ಹಚ್ಚಿ, ದನಿ ಬಂದ್ ಮಾಡಿ, ಬಟ್ಟೆ ಜೋಡಿಸುತ್ತ ಕೂರುವವರನ್ನು ಯಾರೂ ಹಿಡಿಯಲಾರರು. ನೆನಪಿರಬೇಕಾದ್ದು ನಾಲ್ಕೇ ಸಂಗತಿ. ಏಳು ಚಿಕ್ಕ ಸದ್ದು, ಆಮೇಲೆ ಒಂದು ಉದ್ದ ಸದ್ದು ಕೇಳಿದರೆ ಅದು ತುರ್ತು ಸೂಚನೆ. ನಿಮ್ಮ ಮಸ್ಟರ್ ಸ್ಟೇಷನ್ನಿನ, ಅಂದರೆ ನೀವು ಸೇರಬೇಕಾದ ಜಾಗದ, ಗುರುತು ನಿಮ್ಮ ಕಾರ್ಡಿನ ಮೇಲಿರುತ್ತದೆ. ಲೈಫ್ ಜಾಕೆಟ್ ಕ್ಯಾಬಿನ್ನಿನಲ್ಲಿದೆಯೋ ಸ್ಟೇಷನ್ನಿನಲ್ಲಿದೆಯೋ ಎಂಬುದು ಹಡಗಿನಿಂದ ಹಡಗಿಗೆ ಬೇರೆ. ನಾಲ್ಕನೆಯದು ದಾರಿ, ಅದೂ ಲಿಫ್ಟಿಲ್ಲದೆ, ಮೆಟ್ಟಿಲಿನಿಂದ. ಜನ ಸೇರಿ, ಹಡಗು ಬಿಡಿ ಎಂಬ ಸೂಚನೆ ಬಂದ ಮೇಲೆ ಎಲ್ಲ ಲೈಫ್‌ಬೋಟ್‌ಗಳನ್ನೂ 30 ನಿಮಿಷದೊಳಗೆ ನೀರಿಗಿಳಿಸುವಂತಿರಬೇಕು ಎಂಬುದು ಸೋಲಾಸ್ ಲೆಕ್ಕ. ಐದು ಸಾವಿರ ಜನರಲ್ಲಿ ಐನೂರು ಮಂದಿ ದಾರಿ ಹುಡುಕುತ್ತ ಅಲೆದರೆ ಆ ಲೆಕ್ಕ ಶುರುವಾಗುವುದೇ ತಡವಾಗುತ್ತದೆ.

ಎರಡನೆಯದು ಬೆಂಕಿ. ಸುತ್ತ ಸಮುದ್ರವೇ ಇದ್ದರೂ ಹಡಗಿನವರು ನೀರಿಗಿಂತ ಬೆಂಕಿಗೆ ಹೆದರುತ್ತಾರೆ. 2006ರ ಮಾರ್ಚ್ 23ರ ಬೆಳಗಿನ ಜಾವ ಜಮೈಕಾದ ಕಡೆಗೆ ಹೊರಟಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯಲ್ಲಿ ಬೆಂಕಿ ಹತ್ತಿತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕು ಎಂದು ತನಿಖೆ ಹೇಳಿತು. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡಿಕೆ, ಪ್ಲಾಸ್ಟಿಕ್ ಕುರ್ಚಿಗಳು ಹತ್ತಿಕೊಂಡು ಬೆಂಕಿ ಡೆಕ್ಕಿನಿಂದ ಡೆಕ್ಕಿಗೆ ಏರಿತು. ಹೊಗೆಯಿಂದ ಒಬ್ಬರು ಸತ್ತರು. ಮೇಲಿನ ಡೆಕ್ಕಿನಿಂದ ಎಸೆದ ತುಂಡು ಸಮುದ್ರಕ್ಕೇ ಬೀಳುತ್ತದೆಂಬ ಭರವಸೆಯಿಲ್ಲ. ಚಲಿಸುವ ಹಡಗಿನ ಗಾಳಿ ಅದನ್ನು ಕೆಳಗಿನ ಬಾಲ್ಕನಿಯೊಳಕ್ಕೆ ತಳ್ಳುತ್ತದೆ. ಇಸ್ತ್ರಿಪೆಟ್ಟಿಗೆ, ಮೇಣದ ಬತ್ತಿ, ನೀರು ಕಾಯಿಸುವ ಕೆಟಲ್ ಇವನ್ನೆಲ್ಲ ಹತ್ತುವಾಗಲೇ ಕಿತ್ತಿಟ್ಟುಕೊಳ್ಳುವುದಕ್ಕೂ ಇದೇ ಕಾರಣ.

ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಥಟ್ಟನೆ ಏರಿದಾಗ ಉಪಕರಣ ಕಾಪಾಡುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ತೆಗೆದಿಟ್ಟಾಗ ಮಾತ್ರ ಜನ ಸಿಡಿಮಿಡಿಗೊಳ್ಳುತ್ತಾರೆ. ಸುರಕ್ಷತೆಗೆಂದೇ ಮಾಡಿದ ವಸ್ತುವಿಗೆ ನಿಷೇಧವೇ? ವಿಷಯ ಹೀಗಿದೆ. ನೆಲದ ಮೇಲಿನ ಮನೆಗಳಲ್ಲಿ ಎರಡು ತಂತಿಗಳಲ್ಲಿ ಒಂದು ನ್ಯೂಟ್ರಲ್, ಅದು ಭೂಮಿಗೆ ಕೂಡಿಕೊಂಡಿರುತ್ತದೆ. ಹಡಗುಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ ಜಾಲವನ್ನು ಉಕ್ಕಿನ ಒಡಲಿನಿಂದ ಬೇರ್ಪಡಿಸಿಯೇ ಇಟ್ಟಿರುತ್ತಾರೆ, ಆದ್ದರಿಂದ ಎರಡೂ ತಂತಿಗಳಲ್ಲಿ ವಿದ್ಯುತ್ ಇರುತ್ತದೆ. ಎಲ್ಲೋ ಒಂದು ತಂತಿ ಒಡಲಿಗೆ ತಗುಲಿದರೂ ದೀಪ ಆರಬಾರದು, ಯಂತ್ರ ನಿಲ್ಲಬಾರದು ಎಂಬುದೇ ಈ ಏರ್ಪಾಡಿನ ಉದ್ದೇಶ. ಹಾಗೆ ತಗುಲಿದಾಗ ಇನ್ನೊಂದು ತಂತಿಗೂ ಒಡಲಿಗೂ ನಡುವೆ ಪೂರ್ತಿ ವೋಲ್ಟೇಜ್ ಬರುತ್ತದೆ. ಸರ್ಜ್ ಪ್ರೊಟೆಕ್ಟರಿನೊಳಗೆ ತಂತಿಯಿಂದ ಅರ್ಥಿಂಗಿಗೆ ಜೋಡಿಸಿದ ಬಿಡಿಭಾಗ ಆ ವೋಲ್ಟೇಜನ್ನು ಹೊತ್ತು ಬಿಸಿಯಾಗತೊಡಗುತ್ತದೆ. ಅದರ ಸ್ವಿಚ್ಚು ಒಂದೇ ತಂತಿಯನ್ನು ಕತ್ತರಿಸುವುದರಿಂದ ಆರಿಸಿದರೂ ಇನ್ನೊಂದರಲ್ಲಿ ವಿದ್ಯುತ್ ಉಳಿಯುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಇದೇ ಬಗ್ಗೆ ಎಚ್ಚರಿಕೆ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಫೋನ್ ಚಾರ್ಜ್ ಮಾಡಬೇಕಿದ್ದರೆ ಸರ್ಜ್ ಪ್ರೊಟೆಕ್ಟರ್ ಇಲ್ಲದ, ಬರೀ ಯುಎಸ್‌ಬಿ ಕಿಂಡಿಗಳ ಚಾರ್ಜರ್ ಒಯ್ಯಿರಿ. ಅದಕ್ಕೂ ಮೊದಲು ನಿಮ್ಮ ಕಂಪನಿಯ ನಿಷೇಧಿತ ವಸ್ತುಗಳ ಪಟ್ಟಿ ನೋಡಿ.

ಮೂರನೆಯದು ಸಮಯ. ಹಡಗು ಹೊರಡುವ ಹೊತ್ತಿಗೆ ಮುಂಚೆ, ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಎಲ್ಲರೂ ಒಳಗಿರಬೇಕು. ಇಲ್ಲಿ ಎಡವುವವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ, ಗಡಿಯಾರ ನಂಬಿ ಕೆಟ್ಟವರು. ಫೋನ್ ಆಯಾ ಊರಿನ ಟವರ್ ಹಿಡಿದು ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಹಡಗು ತನ್ನದೇ ಸಮಯದಲ್ಲಿ ನಡೆಯುತ್ತಿರುತ್ತದೆ. ಇಳಿಯುವ ಮೊದಲು ಫೋನಿನ ಸ್ವಯಂಚಾಲಿತ ಸಮಯ ಬಂದ್ ಮಾಡಿ, ಇಲ್ಲವೇ ಕೈಗಡಿಯಾರ ಕಟ್ಟಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ಅವರೇ ಮುಟ್ಟಿಸುತ್ತಾರೆ. ಸ್ವಂತವಾಗಿ ಸುತ್ತಲು ಹೋದವರಿಗೆ ಆ ಭಾಗ್ಯವಿಲ್ಲ. ಬಂದರಿನ ಜಾಗ, ಹಡಗಿಗೆ ದಾರಿ ತೋರಿಸುವ ಬಂದರಿನ ಪೈಲಟ್ ಎಲ್ಲವೂ ಗಂಟೆಯ ಲೆಕ್ಕದಲ್ಲಿ ಗೊತ್ತಾಗಿರುತ್ತವೆ. ಕಳೆದ ಹೊತ್ತನ್ನು ವೇಗದಿಂದ ಸರಿದೂಗಿಸುವುದೂ ದುಬಾರಿ. ಹಡಗಿಗೆ ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತದೆ, ಅಂದರೆ ವೇಗ ಶೇ. 10 ಹೆಚ್ಚಿಸಲು ಶಕ್ತಿ ಶೇ. 33ರಷ್ಟು ಹೆಚ್ಚು ಬೇಕು. ಕ್ಯಾಪ್ಟನ್ ನಿಮಗಾಗಿ ಹತ್ತು ನಿಮಿಷ ಕಾದರೆ ಅದೇ ದೊಡ್ಡ ದಯೆ. ಬರಲಾರರೆಂದು ಖಾತ್ರಿಯಾದಾಗ ಸಿಬ್ಬಂದಿ ಕ್ಯಾಬಿನ್ನಿನ ತಿಜೋರಿ ತೆರೆದು ಪಾಸ್‌ಪೋರ್ಟ್ ಹುಡುಕಿ ಬಂದರಿನ ಏಜೆಂಟರ ಕೈಗೆ ಕೊಟ್ಟು ಹೋಗುವುದುಂಟು. ಅಲ್ಲಿಂದ ಮುಂದಿನ ಖರ್ಚೆಲ್ಲ ನಿಮ್ಮದು.

ಇದೇ ಸಾಲಿಗೆ ಸೇರುವ ಇನ್ನೊಂದು ಚಿಕ್ಕ ನಿಯಮ ಅನೇಕರಿಗೆ ತಿಳಿದಿರುವುದಿಲ್ಲ. ಹಡಗಿನ ಮುಂಭಾಗಕ್ಕೆ ಮುಖಮಾಡಿದ ಕ್ಯಾಬಿನ್ನುಗಳಲ್ಲಿ ಕತ್ತಲಾದ ಮೇಲೆ ಪರದೆ ಮುಚ್ಚಿರಬೇಕು. ಅಲ್ಲಿಂದ ಹೊರಚೆಲ್ಲುವ ಬೆಳಕು, ಕತ್ತಲಲ್ಲಿ ಸಮುದ್ರ ನೋಡುತ್ತ ನಿಂತ ಅಧಿಕಾರಿಗಳ ಕಣ್ಣಿಗೆ ಅಡ್ಡಿ. ಮರೆತರೆ ಫೋನ್ ಬರುತ್ತದೆ.

ಕಾವಲು ಕಾಯಲಾಗದವು

ಬಫೆಯ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಸುರಿಯುವವರು ನಿಂತಿರುತ್ತಾರೆ. ಅದನ್ನು ಉಜ್ಜಿಕೊಂಡು ಒಳಗೆ ಹೋದವರು ಕೈ ಶುದ್ಧವಾಯಿತು ಅಂದುಕೊಳ್ಳುತ್ತಾರೆ. ಹಡಗಿನಲ್ಲಿ ವಾಂತಿಭೇದಿ ಹರಡುವ ಮುಖ್ಯ ಕಳ್ಳ ನೊರೋವೈರಸ್. ಅದಕ್ಕೆ ಕೊಬ್ಬಿನ ಹೊರಕವಚವಿಲ್ಲ, ಹಾಗಾಗಿ ಆಲ್ಕೋಹಾಲ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ತಿಕ್ಕಿ, ಹರಿಯುವ ನೀರಲ್ಲಿ ತೊಳೆದಾಗ ವೈರಸ್ ಕೈಯಿಂದ ಜಾರಿ ಹೋಗುತ್ತದೆ. ಕೆಲಸ ಮಾಡುವುದು ಅದೇ. ಕೆಲವೇ ಕಣಗಳು ಒಳಹೊಕ್ಕರೂ ಸೋಂಕು ತಗಲಬಹುದು, ಮತ್ತು ಹಿಡಿಕೆ, ಇಕ್ಕಳ, ಲಿಫ್ಟಿನ ಗುಂಡಿಗಳ ಮೇಲೆ ವೈರಸ್ ದಿನಗಟ್ಟಲೆ ಉಳಿಯುತ್ತದೆ. ಬಡಿಸುವ ಇಕ್ಕಳವನ್ನು ನಿಮಗಿಂತ ಮುಂಚೆ ನೂರಾರು ಕೈ ಹಿಡಿದಿರುತ್ತವೆ. ಹಾಗಾಗಿ ತಟ್ಟೆ ತುಂಬಿಸಿಕೊಂಡು ಕೂತ ಮೇಲೆ, ಕೈಯಿಂದ ತಿನ್ನುವ ಮೊದಲು ಮತ್ತೊಮ್ಮೆ ತೊಳೆಯುವುದು ಅತಿಯೆನಿಸಿದರೂ ಅತಿಯಲ್ಲ.

ಬಫೆಯಲ್ಲಿ ಎರಡನೇ ಸಲ ಹೋಗುವಾಗ ಹೊಸ ತಟ್ಟೆ ತೆಗೆದುಕೊಳ್ಳಿ ಎಂದು ಬರೆದಿರುತ್ತದೆ. ತಟ್ಟೆ ಉಳಿಸುವ ಒಳ್ಳೆಯ ಮನಸ್ಸಿನಿಂದ ಜನ ಹಳೆಯದನ್ನೇ ಒಯ್ಯುತ್ತಾರೆ, ಎಂಜಲು ತಟ್ಟೆಗೆ ಸೌಟು ತಗಲುತ್ತದೆ, ಸೌಟು ಪಾತ್ರೆಗೆ ಮರಳುತ್ತದೆ. ನೀರಿನ ನಲ್ಲಿಯೂ ಹಾಗೆಯೇ. ಬಾಟಲಿಯನ್ನು ನೇರವಾಗಿ ಹಿಡಿದರೆ ನೀವು ಬಾಯಿಟ್ಟ ಅಂಚು ನಲ್ಲಿಯ ಮೂತಿಗೆ ತಗಲುತ್ತದೆ. ಸ್ವಚ್ಛ ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿಯಿರಿ. ನಲ್ಲಿಯ ಪಕ್ಕದಲ್ಲೇ ಬೋರ್ಡು ಇರುತ್ತದೆ, ಅದರ ಕೆಳಗೇ ಬಾಟಲಿಗಳ ಸಾಲೂ ಇರುತ್ತದೆ.

ಹೊಟ್ಟೆ ಕೆಟ್ಟವರು ಅದನ್ನು ಮುಚ್ಚಿಡುವುದು ಇವೆಲ್ಲಕ್ಕಿಂತ ದೊಡ್ಡ ತೊಂದರೆ. ಹತ್ತುವಾಗ ಕೇಳುವ ಆರೋಗ್ಯದ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕುತ್ತಾರೆ. ಒಪ್ಪಿಕೊಂಡರೆ ಹತ್ತಿಸುವುದಿಲ್ಲವೇನೋ ಎಂಬ ಭಯ. ನಡುವೆ ಕಾಯಿಲೆ ಬಂದರೆ ಕ್ಯಾಬಿನ್ನಿನಲ್ಲಿ ಕೂಡಿಹಾಕುತ್ತಾರೆಂದು ಮಾತ್ರೆ ನುಂಗಿ ಊಟಕ್ಕೆ ಹೋಗುತ್ತಾರೆ. ಲಕ್ಷಣ ನಿಂತ ಮೇಲೂ ಕನಿಷ್ಠ 24 ಗಂಟೆ ಒಳಗಿರಬೇಕು ಎಂಬುದಕ್ಕೆ ಕಾರಣ, ಆರಾಮಾದ ಮೇಲೂ ವೈರಸ್ ಹೊರಬೀಳುತ್ತಲೇ ಇರುತ್ತದೆ. ಹೊಟ್ಟೆಯ ಕಾಯಿಲೆಗೆ ಅನೇಕ ಹಡಗುಗಳಲ್ಲಿ ವೈದ್ಯರ ಶುಲ್ಕ ಹಾಕುವುದಿಲ್ಲ, ಜನ ಮುಚ್ಚಿಡಬಾರದೆಂದೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1975ರಿಂದ ಹಡಗುಗಳ ನೈರ್ಮಲ್ಯ ಪರೀಕ್ಷೆ ನಡೆಸುತ್ತದೆ. ನೂರಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ನಪಾಸು, ಅಂಕವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ. ಅಡುಗೆಮನೆಯನ್ನು ಪರೀಕ್ಷಿಸಬಹುದು, ಪ್ರಯಾಣಿಕರ ಕೈಯನ್ನು ಪರೀಕ್ಷಿಸುವವರು ಯಾರು?

ಡೈಪರ್ ಹಾಕಿದ ಮಗುವನ್ನು ಸಾರ್ವಜನಿಕ ಕೊಳಕ್ಕೆ ಇಳಿಸಬಾರದೆಂಬ ನಿಯಮವೂ ಸಿಡಿಸಿಯ ಆ ನೈರ್ಮಲ್ಯ ಕಾರ್ಯಕ್ರಮದ್ದೇ. ಈಜಿಗೆಂದು ಮಾರುವ ಡೈಪರಿಗೂ ವಿನಾಯಿತಿಯಿಲ್ಲ, ಏಕೆಂದರೆ ಅದು ಗಟ್ಟಿಯಾದುದನ್ನು ತಡೆದೀತು, ತೆಳುವಾದುದನ್ನು ತಡೆಯದು. ಭೇದಿಯಿಂದ ಕೊಳ ಕೆಟ್ಟರೆ ಸಿಡಿಸಿಯ ಸಾಮಾನ್ಯ ಲೆಕ್ಕದಲ್ಲಿ ಕ್ಲೋರಿನ್ನನ್ನು 20 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 20 ಭಾಗ) ಏರಿಸಿ 12.75 ಗಂಟೆ ಬಿಡಬೇಕು. ಅಂದರೆ ಒಂದು ಮಗುವಿನ ಐದು ನಿಮಿಷದ ಖುಷಿಗೆ ಇಡೀ ದಿನ ಕೊಳ ಬಂದ್. ನೀರಾಟದ ಬೇರೆ ಜಾಗವನ್ನು ಡೈಪರಿನ ಮಕ್ಕಳಿಗೆಂದೇ ಮಾಡಿರುವ ಹಡಗುಗಳಿವೆ, ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ.

ಇನ್ನು ಟಾಯ್ಲೆಟ್. ಹಡಗಿನ ಟಾಯ್ಲೆಟ್ ನಿರ್ವಾತದಿಂದ ಎಳೆದುಕೊಳ್ಳುತ್ತದೆ, ನೀರು ಬಹಳ ಕಡಿಮೆ, ಕೊಳವೆ ಸಣ್ಣದು. ‘ಫ್ಲಶ್ ಮಾಡಬಹುದು’ ಎಂದು ಪೊಟ್ಟಣದ ಮೇಲೆ ಬರೆದ ಒದ್ದೆ ಟಿಶ್ಯೂ ಕೂಡ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ಕೊಳವೆಗೆ ಸಾಲು ಕ್ಯಾಬಿನ್ನುಗಳು ಜೋಡಿಕೊಂಡಿರುವುದರಿಂದ ನಿಮ್ಮ ಟಿಶ್ಯೂ ನಿಂತದ್ದು ಎಲ್ಲೋ, ನೀರು ಎಳೆಯದೆ ಪರದಾಡುವವರು ಇನ್ಯಾರೋ. ಅದು ಯಾರ ಕೆಲಸವೆಂದು ಪತ್ತೆ ಮಾಡಲಾಗುವುದಿಲ್ಲ, ಆದ್ದರಿಂದ ದಂಡವೂ ಇಲ್ಲ. ಹಡಗಿನವರು ಕೊಟ್ಟ ಕಾಗದ ಬಿಟ್ಟು ಬೇರೇನೂ ಒಳಗೆ ಹೋಗಬಾರದು.

ಯಾರೂ ಕೇಳದವು

ಈಗ ಮತ್ತೆ ಆ ನಾಲ್ಕು ಕುರ್ಚಿಗಳಿಗೆ ಬರೋಣ. ಕಂಪನಿಗಳು ನಿಯಮ ಮಾಡಿಲ್ಲವೆಂದಲ್ಲ. 30ರಿಂದ 45 ನಿಮಿಷ ಯಾರೂ ಬಾರದಿದ್ದರೆ ಸಾಮಾನು ತೆಗೆಯಲಾಗುವುದು ಎಂದು ಬೋರ್ಡು ಇರುತ್ತದೆ. ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ ಖಾಲಿ ಕುರ್ಚಿಗೆ ಹೊತ್ತು ಬರೆದ ಚೀಟಿ ಅಂಟಿಸಿ 40 ನಿಮಿಷ ನೋಡುವ ಪದ್ಧತಿ ಬಂತು. ಆದರೂ ನಡೆಯದೇಕೆ? ಕೊಳದ ಬಳಿ ಓಡಾಡುವವರು ಹೋಟೆಲ್ ವಿಭಾಗದ ಕಿರಿಯ ನೌಕರರು, ಭದ್ರತಾ ಸಿಬ್ಬಂದಿಯಲ್ಲ. ಟವೆಲ್ ಎತ್ತಿದರೆ ಅದರೊಳಗಿದ್ದ ಕನ್ನಡಕ, ಫೋನ್ ಹೋಯಿತೆಂಬ ಆರೋಪ ಅವರ ಮೇಲೆ ಬರುತ್ತದೆ. ಪ್ರವಾಸದ ಕೊನೆಗೆ ಪ್ರಯಾಣಿಕರು ತುಂಬಿಕೊಡುವ ಅಭಿಪ್ರಾಯ ಪತ್ರದಲ್ಲಿ ಸಿಟ್ಟಾದ ಒಬ್ಬರ ಕೆಟ್ಟ ಅಂಕ ಬರುತ್ತದೆ, ಕುರ್ಚಿ ಸಿಕ್ಕ ಇಪ್ಪತ್ತು ಜನರ ಸಮಾಧಾನಕ್ಕೆ ಅಲ್ಲಿ ಅಂಕಣವೇ ಇಲ್ಲ. ತಿಂಗಳುಗಟ್ಟಲೆ ವಾರದ ರಜೆಯಿಲ್ಲದೆ ದುಡಿಯುವ, ಮುಂದಿನ ಗುತ್ತಿಗೆಗೆ ಕಾಯುವ ನೌಕರ ಕಂಡೂ ಕಾಣದಂತೆ ಹೋಗುವುದು ಸಹಜ.

ಹಾಗೆಂದು ನೀವೇ ಇನ್ನೊಬ್ಬರ ಟವೆಲ್ ಎತ್ತಿ ಬಿಸಾಡಬೇಡಿ, ಜಗಳ ಶುರುವಾಗುವುದೇ ಅಲ್ಲಿ. ಕುರ್ಚಿ ಖಾಲಿಯಿರುವ ಹೊತ್ತನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ನಿಗದಿತ ಹೊತ್ತು ಕಳೆದ ಮೇಲೆ ಅಲ್ಲಿನ ನೌಕರರನ್ನು ಕರೆದು, ಇಷ್ಟು ಗಂಟೆಯಿಂದ ಯಾರೂ ಇಲ್ಲ, ತೆಗೆಸಿಕೊಡುತ್ತೀರಾ ಎಂದು ಕೇಳಿ. ಪ್ರಯಾಣಿಕರೇ ಕೇಳಿದ್ದೆಂದರೆ ಅವರಿಗೂ ಒಂದು ಆಧಾರ ಸಿಗುತ್ತದೆ. ಅದಕ್ಕಿಂತ ಸುಲಭದ ದಾರಿ, ಕೊಳದ ಅಂಚು ಬಿಟ್ಟು ಮೇಲಿನ ಡೆಕ್ಕಿಗೋ ಹಡಗಿನ ಹಿಂಭಾಗಕ್ಕೋ ಹೋಗುವುದು. ಬಂದರಿನ ದಿನ ಎಲ್ಲರೂ ಇಳಿದು ಹೋದ ಮೇಲೆ ಕೊಳದ ಬಳಿ ಬೇಕೆಂದಲ್ಲಿ ಕೂರಬಹುದು. ಈ ಜಗಳವೆಲ್ಲ ಇಡೀ ದಿನ ಸಮುದ್ರದಲ್ಲಿರುವ ದಿನಗಳದ್ದು.

ನಾಟಕಶಾಲೆಯಲ್ಲಿ ಸೀಟು ಹಿಡಿಯುವುದು ಇದರ ತಮ್ಮ. ಶೌಚಾಲಯಕ್ಕೆ ಹೋದ ಒಬ್ಬರಿಗೆ ಸೀಟು ಕಾಯುವುದನ್ನು ಯಾರೂ ಆಕ್ಷೇಪಿಸುವುದಿಲ್ಲ. ಎಂಟು ಜನರ ಸಾಲಿಗೆ ಒಬ್ಬರೇ ಕೈಚೀಲ, ಶಾಲು ಹರಡಿ ಕೂರುವುದು ಬೇರೆ ಮಾತು. ದೀಪ ಆರಲು ಹತ್ತು ನಿಮಿಷವಿದ್ದಾಗ ‘ಇಲ್ಲಿ ಯಾರಾದರೂ ಬರುತ್ತಾರಾ?’ ಎಂದು ಕೇಳಿ ಕೂತುಬಿಡಿ. ಆ ಹೊತ್ತಿಗೆ ಸಿಬ್ಬಂದಿಯೂ ನಿಮ್ಮ ಪರವಾಗಿಯೇ ಇರುತ್ತಾರೆ.

ಲಿಫ್ಟಿನಲ್ಲಿ ಒಳಗಿದ್ದವರು ಹೊರಬರುವ ಮೊದಲೇ ನುಗ್ಗುವುದು ಎಲ್ಲ ಊರಿನ ಖಾಯಿಲೆ. ಹಡಗಿನಲ್ಲಿ ಅದರ ಏಟು ಬೀಳುವುದು ಗಾಲಿಕುರ್ಚಿಯವರಿಗೆ, ಏಕೆಂದರೆ ಅವರಿಗೆ ಮೆಟ್ಟಿಲು ಎಂಬ ಎರಡನೇ ದಾರಿಯಿಲ್ಲ. ಪ್ರದರ್ಶನ ಮುಗಿದಾಗ ತುಂಬಿದ ಲಿಫ್ಟುಗಳು ಒಂದರ ಹಿಂದೊಂದು ಅವರ ಮುಂದೆ ಬಾಗಿಲು ತೆರೆದು ಮುಚ್ಚಿಕೊಳ್ಳುತ್ತವೆ. ಒಂದೆರಡು ಡೆಕ್ ಆದರೆ ನಡೆದುಬಿಡಿ. ಲಿಫ್ಟೇ ಬೇಕಿದ್ದರೆ ಹಡಗಿನ ನಡುವಿನದಕ್ಕಿಂತ ಮುಂದಿನ ಅಥವಾ ಹಿಂದಿನ ತುದಿಯದು ಬೇಗ ಸಿಗುತ್ತದೆ.

ಕ್ಯಾಬಿನ್ನಿನ ಗೋಡೆಗಳು ತೆಳು, ಬಾಲ್ಕನಿಗಳ ನಡುವಿನ ತಡಿಕೆ ಇನ್ನೂ ತೆಳು. ಬಾಲ್ಕನಿಯಲ್ಲಿ ಸ್ಪೀಕರ್ ಹಾಕಿದರೆ ಅಕ್ಕಪಕ್ಕದ ನಾಲ್ಕು ಮನೆಯವರು ಬಲವಂತದ ಶ್ರೋತೃಗಳು. ಬಾಗಿಲಿನ ಸಂಗತಿ ಮಾತ್ರ ಅನೇಕರಿಗೆ ಅರಿವಿಲ್ಲದೆ ಆಗುತ್ತದೆ. ಬಾಲ್ಕನಿಯ ಬಾಗಿಲು ತೆರೆದಿಟ್ಟು ಓಣಿಯ ಬಾಗಿಲು ತೆಗೆದರೆ ಗಾಳಿ ಸುರಂಗದಂತೆ ನುಗ್ಗಿ ಭಾರದ ಬಾಗಿಲನ್ನು ಧಡಾರನೆ ಬಡಿಯುತ್ತದೆ. ಬೆರಳು ಜಜ್ಜಿಹೋಗುವುದೂ ಹೀಗೆಯೇ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಿರಿ. ಒದ್ದೆ ಬಟ್ಟೆಯನ್ನು ಬಾಲ್ಕನಿಯ ಕಂಬಿಗೆ ಹಾಕಿದರೆ ಅದು ಹಾರಿಹೋಗುತ್ತದೆ, ಕೆಳಗಿನವರ ಬಾಲ್ಕನಿಗೆ ಬಿದ್ದರೆ ಅದೃಷ್ಟ. ಸ್ನಾನದ ಮನೆಯಲ್ಲಿ ಎಳೆದು ಕಟ್ಟುವ ದಾರವಿರುವುದು ಅದಕ್ಕೇ. ರಾತ್ರಿ ಸದ್ದು ತಡೆಯದಾದರೆ ಪಕ್ಕದವರ ಬಾಗಿಲು ತಟ್ಟಬೇಡಿ, ಗೆಸ್ಟ್ ಸರ್ವಿಸಸ್‌ಗೆ (ಪ್ರಯಾಣಿಕರ ಸಹಾಯ ಕೌಂಟರಿಗೆ) ಫೋನ್ ಮಾಡಿ ಕ್ಯಾಬಿನ್ ಸಂಖ್ಯೆ, ಹೊತ್ತು ಹೇಳಿ. ಬರುವುದು ಭದ್ರತೆಯವರು, ಮತ್ತು ಅದು ದಾಖಲಾಗುತ್ತದೆ. ಎರಡನೇ ರಾತ್ರಿಯ ದೂರಿಗೆ ಮೊದಲ ರಾತ್ರಿಯ ದಾಖಲೆಯೇ ಬಲ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಈಜುಡುಗೆ, ಬರಿಗಾಲಿನಲ್ಲಿ ಊಟದ ಸಭಾಂಗಣಕ್ಕೆ ಬಿಡುವುದಿಲ್ಲ. ಫಾರ್ಮಲ್ ರಾತ್ರಿಯ ಕೋಟು ಟೈ ಬಹುಪಾಲು ಹಡಗುಗಳಲ್ಲಿ ಈಗ ಸಲಹೆ ಮಾತ್ರ. ಕುನಾರ್ಡ್‌ನಂಥ ಕೆಲವು ಕಂಪನಿಗಳು ಮಾತ್ರ ಸಂಜೆಯ ಮೇಲೆ ಇನ್ನೂ ಬಿಗಿ.

ಟಿಪ್ಸ್ ವಿಷಯ ಸ್ವಲ್ಪ ಸೂಕ್ಷ್ಮ. ಅಮೆರಿಕದ ಕಂಪನಿಗಳ ಹಡಗುಗಳಲ್ಲಿ ತಲೆಗೆ ದಿನಕ್ಕೆ ಸುಮಾರು 15ರಿಂದ 20 ಡಾಲರ್ ತಾನಾಗಿಯೇ ಖಾತೆಗೆ ಬೀಳುತ್ತದೆ. ಹಲವೆಡೆ ಗೆಸ್ಟ್ ಸರ್ವಿಸಸ್‌ನಲ್ಲಿ ಕೇಳಿದರೆ ಅದನ್ನು ತೆಗೆದುಹಾಕುತ್ತಾರೆ, ಕಾರಣವನ್ನೂ ಹೆಚ್ಚು ಕೆದಕುವುದಿಲ್ಲ. ಕೊನೆಯ ಸಂಜೆ ಆ ಸಾಲು ಉದ್ದವಾಗುವುದು ಅದಕ್ಕೇ. ತೆಗೆಸಿ ಕ್ಯಾಬಿನ್ ನೋಡಿಕೊಂಡವರಿಗೆ ಕೈಯಲ್ಲೇ ಕೊಡುತ್ತೇನೆ ಎನ್ನುವವರು, ಆ ಹಣ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಕಣ್ಣಿಗೆ ಬೀಳದ ಕೈಗಳಿಗೂ ಹಂಚಿಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಸೇವೆಯಲ್ಲಿ ನಿಜವಾದ ದೋಷವಿದ್ದರೆ ಎರಡನೇ ದಿನವೇ ಹೇಳಬೇಕು. ಆಗ ಸರಿಪಡಿಸಲು ಸಮಯವಿರುತ್ತದೆ.

ಕೊನೆಯ ಬೆಳಗ್ಗೆ ಮತ್ತೆ ಎಲ್ಲರಿಗೂ ಅವಸರ. ಇಳಿಯುವ ಸರದಿಗೆ ಬಣ್ಣದ ಅಥವಾ ಸಂಖ್ಯೆಯ ಚೀಟಿ ಕೊಟ್ಟಿರುತ್ತಾರೆ, ಆದರೂ ಮೊದಲ ಕರೆಗೇ ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲ ಮೇಲೆ ಕೂರುವವರಿಗೆ ಕೊರತೆಯಿಲ್ಲ. ಮೆಟ್ಟಿಲು ಮುಚ್ಚಿದರೆ ಲಿಫ್ಟಿಗೆ ಜನ, ಲಿಫ್ಟು ತುಂಬಿದರೆ ಎಲ್ಲರೂ ತಡ. ದೊಡ್ಡ ಪೆಟ್ಟಿಗೆಯನ್ನು ಹಿಂದಿನ ರಾತ್ರಿಯೇ ಚೀಟಿ ಕಟ್ಟಿ ಓಣಿಯಲ್ಲಿಟ್ಟರೆ ಅದು ನೇರ ದಡದಲ್ಲಿ ಸಿಗುತ್ತದೆ, ನೀವು ಕೈಬೀಸಿಕೊಂಡು ಇಳಿಯಬಹುದು. ಬೆಳಗ್ಗೆ ತೊಡುವ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಇವನ್ನು ಮಾತ್ರ ಅದರೊಳಗೆ ಹಾಕಬೇಡಿ. ರಾತ್ರಿಯುಡುಪಿನಲ್ಲೇ ಕಸ್ಟಮ್ಸ್ ಸಾಲಿನಲ್ಲಿ ನಿಂತವರನ್ನು ತಡೆಯುವ ನಿಯಮ ಯಾವ ಹಡಗಿನಲ್ಲೂ ಇಲ್ಲ.